ಒರಳಿಗೆ ಕೈ ಹಾಕುತ್ತಿದ್ದ ಶಾರವ್ವ

ಶಾರವ್ವ ಅಕ್ಕಿಆಲೂರಿನ ಅವಲಕ್ಕಿ ಭಟ್ಟಿಯಲ್ಲಿ ಒರಳಿಗೆ ಕೈ ಹಾಕುವವಳು.

ಭಟ್ಟಿಯ ಕೆಲಸ ಹೀಗೆ. ನೆನೆಸಿದ ಭತ್ತವನ್ನು ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಬಿಸಿ ಇದ್ದಾಗಲೇ ನೆಲದಲ್ಲಿ ಹುಗಿದ ಒರಳಿಗೆ ಸುರಿಯುತ್ತಾರೆ. ಇಬ್ಬರು ಎದುರುಬದುರು ನಿಂತು ಒನಕೆ ಹಾಕುತ್ತಾರೆ. ಒಂದು ಇಳಿದರೆ ಇನ್ನೊಂದು ಏಳಬೇಕು. ಆ ನಡುವೆ ಮೂರನೆಯವಳು ಕುಳಿತು ಕೈ ಹಾಕಿ ಭತ್ತ ಹೊರಳಿಸಬೇಕು. ಭತ್ತ ಆರಿದರೆ ಅವಲಕ್ಕಿ ಆಗುವುದಿಲ್ಲ, ನುಚ್ಚಾಗುತ್ತದೆ. ಅದಕ್ಕೆ ನಡುವೆ ನಿಲ್ಲಿಸುವಂತಿಲ್ಲ. ಒಬ್ಬಳ ತಾಳ ತಪ್ಪಿದರೆ ಕೆಳಗಿನ ಕೈ ಹೋಯಿತು.

ಆ ಕೈಯಿಂದಲೇ ಶಾರವ್ವ ಮಗನನ್ನು ಸಾಕಿದಳು. ಗಂಡ ಮಾರೆಪ್ಪ ಹುಬ್ಬಳ್ಳಿ ಗಿರಣಿಗೆಂದು ಹೋದವನು ತಿರುಗಿ ಬರಲಿಲ್ಲ. ಮಗ ಮೈಲಾರಿ ದೊಡ್ಡವನಾಗಿ ಬಾಡಿಗೆ ಬಂಡಿ ಹೊಡೆಯುತ್ತಿದ್ದ. ಸವಣೂರಿಗೆ ಅಕ್ಕಿ ಒಯ್ಯುವನು, ಅಲ್ಲಿಂದ ವೀಳ್ಯದೆಲೆ ತರುವನು.

ನಾನು ಭಟ್ಟಿಗೆ ಹೋದದ್ದು ಯುದ್ಧದ ಕಾಲದಲ್ಲಿ, ನಮ್ಮ ಮನೆಯವರು ಚಳಿಜ್ವರದಲ್ಲಿ ಹೋದ ಮೇಲೆ. ಮನೆಯಲ್ಲಿ ಮಗಳು, ಅತ್ತೆ. ಕುಟ್ಟದಿದ್ದರೆ ಒಲೆ ಹತ್ತುವುದಿಲ್ಲ. ಒನಕೆ ಎತ್ತಿದರೆ ಗಂಡನ ನೆನಪು. ಕಣ್ಣು ತುಂಬಿ ಒರಳೇ ಕಾಣುತ್ತಿರಲಿಲ್ಲ. ಎದುರು ಒನಕೆ ಹಿಡಿದ ಅಡಿವೆವ್ವ ಮೊದಲ ದಿನವೇ ಕೂಗಿದಳು.

"ಶಾರಕ್ಕಾ, ಇಕಿ ಒನಕಿ ಕೆಳಗ ಕೈ ಇಡಬ್ಯಾಡ. ಹುಚ್ಚನಾಯಿ ಬಾಯಾಗ ಇಟ್ಟಂಗ ಅದು."

"ನಾಯಿ ಆದ್ರ ಓಡಸಬಹುದು. ಇಕೀನ ಓಡಿಸಿದ್ರ ಎಲ್ಲಿಗೆ ಹೋಗ್ತಾಳ?" ಎಂದು ಶಾರವ್ವ ಒರಳಿಗೆ ಕೈ ಹಾಕಿದಳು. ಆಮೇಲೆ ನನಗೆ ಹೇಳಿದಳು. "ತಂಗಿ, ಅಳು ಬಂದ್ರ ನುಂಗಬ್ಯಾಡ. ಬದ್ಲು ಅನ್ನು. ಒನಕಿ ಇನ್ನೊಬ್ಬಾಕಿ ಕೈಯಾಗ ಕೊಟ್ಟು ಹಿತ್ತಲಕ್ಕ ಹೋಗು. ಅತ್ತು, ಮಾರಿ ತೊಳಕೊಂಡು ಬಾ. ಏನಾತು ಅಂತ ಯಾರೂ ಕೇಳಂಗಿಲ್ಲ."

ಅದು ಶಾರವ್ವ ಮಾಡಿದ ಪದ್ಧತಿ. ನಾನು ದಿನಾ ಹೋಗುತ್ತಿದ್ದೆ. ನನ್ನನ್ನು ಬೈದ ಅಡಿವೆವ್ವನೂ ಒಂದು ದಿನ ಬದಲು ಎಂದು ಹೊರಗೆ ಹೋದಳು. ಯಾಕೆಂದು ಇಂದಿಗೂ ಗೊತ್ತಿಲ್ಲ. ಭಟ್ಟಿಯ ಯಜಮಾನ ಕರಬಸಪ್ಪನಿಗೆ ಇದು ಸೇರುತ್ತಿರಲಿಲ್ಲ.

"ಇದೇನು ಭಟ್ಟಿನೋ, ಸತ್ತವ್ರ ಮನಿನೋ?"

"ಎರಡೂ ಹೌದ್ರಿ ಸಾವ್ಕಾರ್ರ. ಅತ್ತದ್ದಕ್ಕ ಬ್ಯಾರೆ ಕೂಲಿ ಕೇಳೂದಿಲ್ಲ ಬಿಡ್ರಿ," ಎಂದಳು ಶಾರವ್ವ.

ಅವನಿಗೇ ನಗು ಬಂತು, ಹೊರಟುಹೋದ.

ಕೈ ಹಾಕುವವಳಿಗೆ ಮಾತ್ರ ಬದಲು ಇರಲಿಲ್ಲ. ಶಾರವ್ವನ ಹಾಗೆ ಹೊರಳಿಸಲು ಇನ್ನಾರಿಗೂ ಬರುತ್ತಿರಲಿಲ್ಲ. ಆಕೆಯೂ ಒಂದು ದಿನವಾದರೂ ಬದಲು ಎಂದವಳಲ್ಲ. ಅದರ ಬಗ್ಗೆ ನಾವು ಯಾರೂ ಯೋಚನೆ ಮಾಡಲಿಲ್ಲ.

ಆಷಾಢದಲ್ಲಿ ವರದಾ ಹೊಳೆ ತುಂಬಿತು. ಒಂದು ಮಧ್ಯಾಹ್ನ ಬಂಡಿ ಹೊಡೆಯುವ ಗುಡ್ಡಪ್ಪ ಬಾಗಿಲಲ್ಲಿ ಬಂದು ನಿಂತ. ಮೈಯೆಲ್ಲ ಕೆಸರು. ಆಗಷ್ಟೇ ಒರಳಿಗೆ ಬಿಸಿ ಭತ್ತ ಬಿದ್ದಿತ್ತು. ನಾನು, ಅಡಿವೆವ್ವ ಒನಕೆ ಹಾಕುತ್ತಿದ್ದೆವು.

"ಶಾರಕ್ಕಾ, ಒಂದೀಟು ಹೊರಗ ಬಾ."

"ಅಲ್ಲೇ ಹೇಳೋ. ಒರಳು ತುಂಬೈತಿ."

ಗುಡ್ಡಪ್ಪ ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದ. "ಬಂಡಿ ಹೊಳ್ಯಾಗ ಹೋತಕ್ಕ. ಎತ್ತು ದಂಡಿಗೆ ಬಂದ್ವು. ಮೈಲಾರಿ ಬರಲಿಲ್ಲ."

ನಮ್ಮ ಒನಕೆಗಳು ಮೇಲೆಯೇ ನಿಂತವು. ಶಾರವ್ವ ತಲೆ ಎತ್ತಲಿಲ್ಲ.

"ಭತ್ತ ಆರ್ತೈತಿ. ಹಾಕ್ರಿ."

"ಬ್ಯಾಡಕ್ಕ, ಏಳು," ಎಂದೆ.

"ಹಾಕ್ರಿ ಅಂದೆ!"

ಆ ಭಟ್ಟಿಯಲ್ಲಿ ಆಕೆಯ ಮಾತು ಮೀರಿದವರು ಇರಲಿಲ್ಲ. ಹಾಕಿದೆವು. ಆಕೆಯ ಕೈ ಎಂದಿನಂತೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಒಂದು ಸಲ ಕೈ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮರೆತಂತೆ ಅಲ್ಲೇ ಉಳಿಯಿತು. ಅಡಿವೆವ್ವನ ಒನಕೆ ಇಳಿದಾಗಿತ್ತು.

ಕರಬಸಪ್ಪ ಓಡಿ ಬಂದು ತನ್ನ ಹೆಗಲ ಮೇಲಿನ ವಲ್ಲಿ ಹರಿದು ಕೈಗೆ ಸುತ್ತಿದ. ಆಗ ಶಾರವ್ವ ಬಾಯಿ ಬಿಟ್ಟಳು. ಅಂಥ ಅಳು ನಾನು ಕೇಳಿರಲಿಲ್ಲ. ಪೇಟೆಯಿಂದ ಜನ ಬಂದು ಬಾಗಿಲಲ್ಲಿ ನಿಂತು, "ಪಾಪ, ಕೈ ಜಜ್ಜೇತಿ, ಉರಿ ತಡೀವಲ್ದು," ಎಂದರು. ಆಕೆ ಮಗನ ಹೆಸರು ಹಿಡಿದು ಕೂಗುತ್ತಿದ್ದುದು ಯಾಕೆಂದು, ಹೊಳೆಯ ಸುದ್ದಿ ಕೇಳದ ಅವರಿಗೆ ತಿಳಿಯಲಿಲ್ಲ.

ಮೈಲಾರಿಯ ಹೆಣ ಹೊಳೆಯಲ್ಲಿ ಬಹಳ ಕೆಳಗೆ ಸಿಕ್ಕಿತು. ಶಾರವ್ವನ ಆ ಕೈಯ ಬೆರಳು ಮತ್ತೆ ಮಡಚಲು ಬರಲಿಲ್ಲ. ಅಡಿವೆವ್ವ ಭಟ್ಟಿ ಬಿಟ್ಟು ಕಳೆ ಕೀಳಲು ಹೋದಳು. ತಪ್ಪು ನಿನ್ನದಲ್ಲ ಎಂದು ಶಾರವ್ವ ಎಷ್ಟು ಹೇಳಿ ಕಳಿಸಿದರೂ ಮುಖ ತೋರಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ಭಟ್ಟಿಗೆ ರಜೆಯಿದ್ದ ಒಂದು ಅಮಾವಾಸ್ಯೆಯ ದಿನ ಶಾರವ್ವನ ಮನೆಗೆ ಹೋದೆ. ಕೇಳಬಾರದ್ದನ್ನು ಕೇಳಿದೆ.

"ಬದ್ಲು ಅನಬೇಕಿತ್ತಲ್ಲಕ್ಕ. ನುಚ್ಚಾದ್ರ ಆಗ್ತಿತ್ತು."

"ಎದ್ರ ಅವ ಸತ್ತಂಗ ಆಗ್ತಿತ್ತಲ್ಲ," ಎಂದಳು. "ಒರಳು ಮುಗಿಯೂತನಕರೆ ಅವ ಇರ್ಲಿ ಅಂತ ಕುಂತೆ."

ಅದು ನನಗೆ ಗೊತ್ತಿದ್ದ ಮಾತು. ನಮ್ಮ ಮನೆಯವರು ಹೋದ ಮೇಲೂ ಅವರ ಅಂಗಾಲಿಗೆ ಬಿಸಿನೀರಿನ ಅರಿವೆ ಒತ್ತುತ್ತಲೇ ಇದ್ದೆ, ಅತ್ತೆ ಬಂದು ಕೈಯಿಂದ ಕಸಿಯುವ ತನಕ. ಒಂದೇ ಕೈಯಲ್ಲಿ ತಲೆ ಬಾಚಿಕೊಳ್ಳಲು ಶಾರವ್ವನಿಗೆ ಬರುತ್ತಿರಲಿಲ್ಲ, ಕೂದಲು ಜಡೆಗಟ್ಟಿತ್ತು. ಬಾಚಣಿಗೆ ತೆಗೆದುಕೊಂಡು ಆಕೆಯ ಹಿಂದೆ ಕುಳಿತೆ.