ಹನಿ ಮೇಡಂ ಅವರ ಟಿಕ್

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕರೆಯುವುದು ಹನಿ ಮೇಡಂ ಎಂದೇ. ಅಂಗೈಯಗಲದ ಪ್ಲಾಸ್ಟಿಕ್ ಪೊರೆಯ ಮೇಲೆ ಬಿಟ್ಟ ನೀರಿನ ಹನಿ ತಾವರೆ ಎಲೆಯ ಮೇಲಿನಂತೆ ಮುತ್ತಾಗಿ ಬಿಗಿದುಕೊಂಡು ನಿಂತರೆ, "ನೋಡಿ, ಮುನಿಸ್ಕೊಂಡಿದೆ" ಎನ್ನುತ್ತಾರೆ, ಟಿಕ್ ಎಂದು ಸ್ವಿಚ್ಚೊತ್ತಿದೊಡನೆ ಪೊರೆಗೆ ಕರೆಂಟು ಹರಿದು ಅದೇ ಹನಿ ಅಗಲವಾಗಿ ಹರಡಿಕೊಂಡರೆ, "ರಾಜಿ ಆಯ್ತು!" ಎಂದು ಚಪ್ಪಾಳೆ ತಟ್ಟುತ್ತಾರೆ. ನೋಡಲು ಬಂದ ದೊಡ್ಡ ಅಧಿಕಾರಿಗಳಿಗೂ ಇದೇ ವಿವರಣೆ. ಮನೆಯಲ್ಲಿ ಗಂಡ, "ನಿಂಗೆ ಹೇಳೋದೂ ಒಂದೇ, ಬೋರ್ಗಲ್ಲ ಮೇಲೆ ನೀರು ಸುರಿಯೋದೂ ಒಂದೇ" ಎಂದು ಸಿಡುಕಿದರೆ, "ಸ್ವಿಚ್ ಹಾಕ್ದೆ ಸುರಿದ್ರೆ ಹಾಗೇ ಆಗೋದು" ಎಂದು ಅವರ ಮೂಗಿನ ತುದಿ ಒತ್ತಿ "ಟಿಕ್" ಎನ್ನುತ್ತಾರೆ, ಅವರು ನಗಲೇಬೇಕು. ಮುಖ ಊದಿಸಿಕೊಂಡ ಮಗಳಿಗೂ ಟಿಕ್, ಬಾಗಿಲು ತೆರೆಯದ ಲಿಫ್ಟಿಗೂ ಟಿಕ್. ವರ್ಷಗಳಿಂದ ಮಾತು ಬಿಟ್ಟಿದ್ದ ಅಕ್ಕನಿಗೂ ಅಮ್ಮನ ಕೈಲಿ ಟಿಕ್ ಹೇಳಿ ಕಳಿಸುತ್ತಲೇ ಇದ್ದರು. "ಅವಳಿನ್ನೂ ಮುತ್ತಾಗೇ ಕೂತಿದಾಳೆ ಕಣೇ" ಎಂದು ಅಮ್ಮ ವರದಿ ಒಪ್ಪಿಸುತ್ತಿದ್ದರು. ಮೊನ್ನೆ ಊಟದ ಹೊತ್ತಿಗೆ ಅಕ್ಕನ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ, ಅಳುಕುತ್ತಾ ಒಂದೇ ಮಾತು, "ಟಿಕ್." ಊರಿಗೆಲ್ಲ ಸ್ವಿಚ್ಚೊತ್ತುವ ಹನಿ ಮೇಡಂ ಕೂತ ಕುರ್ಚಿಯಲ್ಲೇ ಅಗಲವಾಗಿ ಹರಡಿಕೊಂಡರು.