ಒಂದು ಗೀರೂ ಇರಲಿಲ್ಲ

ಸೈಕಲ್ ರಿಪೇರಿಯ ಆ ಅಕ್ಕನನ್ನು ನಾನು ಮೊದಲು ಕಂಡ ದಿನ, ಆಕೆ ತನ್ನ ತಮ್ಮನ ರೇಸ್ ಸೈಕಲ್ಲಿನ ಚೌಕಟ್ಟನ್ನು ನಾಣ್ಯದಿಂದ ತಟ್ಟುತ್ತಾ ಕಿವಿಗೊಟ್ಟು ಕೂತಿದ್ದಳು. ಹಿಂದಿನ ದಿನ ಗೋಡೆಯ ಮೊಳೆಯಿಂದ ದೊಡ್ಡ ಸ್ಪ್ಯಾನರೊಂದು ಜಾರಿ ಅದರ ಮೇಲೆ ಬಿದ್ದಿತ್ತಂತೆ. ಟಿಣ್, ಟಿಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ಮಾತ್ರ ಡಬ್ ಎಂದಿತು. ಆಕೆ ಪಕ್ಕದಲ್ಲೇ ನಿಂತಿದ್ದ ತಮ್ಮನತ್ತ ತಿರುಗಿದಳು.

“ಇದನ್ನ ಹತ್ತಬೇಡ ಕಣೋ.”

“ಒಂದು ಗೀರೂ ಇಲ್ವಲ್ಲಕ್ಕಾ! ನಿನ್ನ ಕಿವಿನೇ ರಿಪೇರಿಗೆ ಬಂದಿದೆ.”

“ಕಬ್ಬಿಣ ಆಗಿದ್ರೆ ತಗ್ಗು ಬಿದ್ದು ತೋರಿಸ್ತಿತ್ತು. ಇದು ಕಾರ್ಬನ್ ಎಳೆಗಳನ್ನ ಪದರ ಪದರವಾಗಿ ಅಂಟಿಸಿದ್ದು. ಏಟು ಬಿದ್ರೆ ಒಳಗೊಳಗೇ ಪದರ ಬಿಡುತ್ತೆ, ಹೊರಗೆ ಮಿಂಚ್ತಾನೇ ಇರುತ್ತೆ.”

ತಮ್ಮ ನಗುತ್ತಲೇ ಸೈಕಲ್ ಹತ್ತಿ ಹೊರಟುಬಿಟ್ಟ. ಆಕೆ ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಾಗಿಲಲ್ಲೇ ನಿಂತಳು.

ಅದೇ ವಾರದ ಪಂದ್ಯದಲ್ಲಿ, ಇಳಿಜಾರಿನ ತಿರುವಿನಲ್ಲಿ, ಚೌಕಟ್ಟು ಅದೇ ಜಾಗದಲ್ಲಿ ಮುರಿಯಿತು. ತಮ್ಮ ಬದುಕಿಕೊಂಡ, ಬಲಗಾಲು ಮಾತ್ರ ಮತ್ತೆ ಮಡಚಲಿಲ್ಲ.

ಈಗ ಅವನೂ ಅಂಗಡಿಯಲ್ಲೇ ಕೂರುತ್ತಾನೆ. ಆಕೆ ಗಿರಾಕಿಗಳ ಸೈಕಲ್ಲುಗಳನ್ನು ಇಂದಿಗೂ ತಟ್ಟಿ ನೋಡುತ್ತಾಳೆ. ಸದ್ದು ಎಲ್ಲಾದರೂ ಡಬ್ ಎಂದರೆ, ಆಕೆ ಬಾಯಿ ತೆರೆಯುವ ಮೊದಲೇ ಅವನು ಕುಂಟುತ್ತಾ ಹೋಗಿ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ.