ದಿಲೀಪ ಕರ್ಪೂರ ಆರಿಸದೆ ಹೋದದ್ದು

ಚಿನಕುರಳಿ ಪಕ್ಕದ ಊರಿನ ದ್ಯಾವಮ್ಮನ ಮಗ ದಿಲೀಪ ಇಪ್ಪತ್ತು ತುಂಬುವ ಹೊತ್ತಿಗೆ ಮಾಡಬಾರದ್ದರಲ್ಲಿ ಬಹುಪಾಲು ಮಾಡಿ ಮುಗಿಸಿದ್ದ. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದ. ಬೈಕಿನ ಸೈಲೆನ್ಸರ್ ಬಿಚ್ಚಿ ಓಡಿಸುತ್ತಿದ್ದ. ಆ ಸದ್ದಿಗೆ ಹಾಲು ಕರೆಯುವಾಗ ನಾಲ್ಕು ಮನೆಯ ಹಸುಗಳು ಸೊರ ಬಿಡುತ್ತಿರಲಿಲ್ಲ. ಪಾಂಡವಪುರದ ಬಸ್ಸಿನಲ್ಲಿ ಕಂಡಕ್ಟರನ ಅಂಗಿ ಹಿಡಿದಿದ್ದ. ತಂದೆ ಇರಲಿಲ್ಲ. ತಾಯಿ ಬೈದರೆ ಊಟದ ತಟ್ಟೆಯನ್ನು ಹಿತ್ತಲಿಗೆ ಎಸೆಯುತ್ತಿದ್ದ. ದ್ಯಾವಮ್ಮ ಹೋಗಿ ತಟ್ಟೆ ತಂದು ತೊಳೆದಿಡುತ್ತಿದ್ದಳು. ಸ್ಟೀಲಿನ ತಟ್ಟೆ, ಒಡೆಯುತ್ತಿರಲಿಲ್ಲ.

ಕದ್ದದ್ದು ಮಾತ್ರ ಒಂದೇ ಸಲ. ಅದು ನರಸಯ್ಯನ ಬೋರ್‌ವೆಲ್ಲಿನ ಕೇಬಲ್ಲು. ಆವತ್ತು ಊರಿಗೆ ಊರೇ ಒಂದು ಮದುವೆಯ ಬೀಗರೂಟಕ್ಕೆ ಹೋಗಿತ್ತು. ಮಧ್ಯಾಹ್ನ ಹೊಲದ ಕಡೆ ಕರೆಂಟು ಇರುವುದಿಲ್ಲವೆಂದು ದಿಲೀಪನಿಗೆ ಗೊತ್ತಿತ್ತು. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರ್‌ವೆಲ್ ಬಾಯಿಯವರೆಗೂ ಕೇಬಲ್ಲನ್ನು ಕತ್ತರಿಸಿ, ಕಲ್ಲುಕೋರೆಯ ಹಳ್ಳದಲ್ಲಿ ಸುಟ್ಟು, ತಾಮ್ರ ತೆಗೆದು ಮಾರಿಕೊಂಡ. ಆಮೇಲೆ ಬೀಗರೂಟದ ಕೊನೆಯ ಪಂಕ್ತಿಯಲ್ಲಿ ಕೂತು ಉಂಡ.

ಬೀಗರೂಟಕ್ಕೆ ಹೋಗದೆ ಊರಲ್ಲೇ ಉಳಿದಿದ್ದವನು ಚಿಕ್ಕಸ್ವಾಮಿ. ಅವನು ಆ ಊರಿನ ನೀರುಗಂಟಿ. ನಾಲೆಯ ನೀರನ್ನು ಗದ್ದೆಗದ್ದೆಗೆ ಸರದಿಯಂತೆ ಬಿಡುವ ಕೆಲಸ ಅವನ ಅಪ್ಪನ ಕಾಲದಿಂದಲೂ ಅವರ ಮನೆಯದು. ಮದುವೆ ಮನೆಯವರು ಬಾಗಿಲಲ್ಲಿ ನಿಂತು ಕರೆದಿದ್ದರು, ಒಳಗೆ ಬಂದು ಕರೆದಿರಲಿಲ್ಲ. ಅದಕ್ಕೆ ಅವನು ಹೋಗಿರಲಿಲ್ಲ. ಊರವರಿಗೆ ಅಷ್ಟೇ ಸಾಕಾಯಿತು.

ಊಟಕ್ಕೆ ತಡವಾಗಿ ಬಂದವನು, ಬಾರದೇ ಇದ್ದವನು, ಇಬ್ಬರ ಮೇಲೂ ಅನುಮಾನ ಬಂತು. ಮಾರಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿದರು. ಕದ್ದಿಲ್ಲ ಎನ್ನುವವನು ಆ ಉರಿಯನ್ನು ಅಂಗೈಯಲ್ಲಿ ಆರಿಸಿ ಆಣೆ ಇಡಬೇಕು. ದಿಲೀಪ ಪಟ್ಟನೆ ಆರಿಸಿ ಕೈ ಒರೆಸಿಕೊಂಡ. ಚಿಕ್ಕಸ್ವಾಮಿ ಮುಂದೆ ಬರಲಿಲ್ಲ.

"ಕದ್ದಿಲ್ಲ ಅಂತ ಬಾಯಲ್ಲಿ ಏಳಿವ್ನಿ. ನನ್ ಬಾಯಿ ಸಾಕು" ಎಂದ.

"ಆರ್ಸೋಕೆ ಎದ್ರುಕೋತಾನೆ ಅಂದ್ರೆ ತಿಳ್ಕಳಿ" ಎಂದ ನರಸಯ್ಯ.

ಮರುವಾರವೇ ಚಿಕ್ಕಸ್ವಾಮಿಯ ನೀರುಗಂಟಿ ಕೆಲಸ ಹೋಯಿತು. ಅವನು ಕೋರೆಯಲ್ಲಿ ಟ್ರಾಕ್ಟರಿಗೆ ಕಲ್ಲು ತುಂಬಲು ಹೋದ. ಅವನು ಹಾದುಹೋದರೆ ಹೆಂಗಸರು ಬಿಂದಿಗೆಯನ್ನು ಒಳಗೆ ಎತ್ತಿಡುತ್ತಿದ್ದರು. ದಿಲೀಪ ಎರಡು ವರ್ಷ ಇದನ್ನೆಲ್ಲ ನೋಡಿದ. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು.

ಆಮೇಲೆ ಒಂದು ಭಾನುವಾರ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಯಾರ ಜೊತೆಗೋ ಹೊಡೆದಾಡಿ ಅವನ ಪ್ಯಾಂಟು ಹಿಂದುಗಡೆ ಹರಿಯಿತು. ಆ ಪ್ಯಾಂಟಿನಲ್ಲಿ ಬಸ್ಸು ಹತ್ತುವಂತಿರಲಿಲ್ಲ. ಹತ್ತಿರ ಬಾಗಿಲು ತೆಗೆದಿದ್ದ ಟೈಲರ್ ಅಂಗಡಿ ಒಂದೇ, ಪ್ರಮೀಳಾ ಎಂಬಾಕೆಯದು. ಒಳಗೆ ಹೊಲಿಗೆ ನಡೆಯುತ್ತಿರಲಿಲ್ಲ. ಹತ್ತು ಹದಿನೈದು ಜನ ಚಾಪೆಯ ಮೇಲೆ ಕೂತು ಏಸುವಿನ ಹಾಡು ಹೇಳುತ್ತಿದ್ದರು.

"ಭಾನ್ವಾರ ಮಿಷನ್ ಮುಟ್ಟಕಿಲ್ಲ ತಮ್ಮ. ಪ್ರಾರ್ಥನೆ ಮುಗೀಲಿ, ಕೈಯಲ್ಲೇ ಒಲ್ಕೊಡ್ತೀನಿ. ಗೋಡೆಗೆ ಬೆನ್ ಕೊಟ್ಟು ಕೂತ್ಕೊ" ಎಂದಳು ಪ್ರಮೀಳಾ.

ಬೇರೆ ದಾರಿಯಿಲ್ಲದೆ ಎರಡು ಗಂಟೆ ಕೂತ. ಹಾಡು ಅಷ್ಟೇನೂ ಚೆನ್ನಾಗಿರಲಿಲ್ಲ. ಕೊನೆಯಲ್ಲಿ ಪ್ರಮೀಳಾ ಅವನ ಹೆಸರು ಕೇಳಿಕೊಂಡು ಅವನಿಗಾಗಿ ಪ್ರಾರ್ಥನೆ ಮಾಡಿದಳು. ಮುಂದೆ ಹಿಂದೆ ಒಂದು ಬೈಗುಳವಿಲ್ಲದೆ ಯಾರಾದರೂ ಅವನ ಹೆಸರು ಹೇಳಿ ಬಹಳ ದಿನವಾಗಿತ್ತು. ಮುಂದಿನ ಭಾನುವಾರ ಹರಿಯದ ಪ್ಯಾಂಟಿನಲ್ಲೇ ಹೋದ. ಅದರ ಮುಂದಿನ ಭಾನುವಾರವೂ ಹೋದ.

ಆರನೇ ಭಾನುವಾರ ಪ್ರಮೀಳಾ, ಆಣೆ ಪ್ರಮಾಣ ಮಾಡಬೇಡಿ ಎಂದು ಏಸುಸ್ವಾಮಿ ಹೇಳಿದ್ದನ್ನು ಓದಿದಳು. ಹೌದಾದರೆ ಹೌದು ಅನ್ನಬೇಕು, ಅಲ್ಲವಾದರೆ ಅಲ್ಲ ಅನ್ನಬೇಕು, ಅಷ್ಟೇ ಎಂದು ವಿವರಿಸಿದಳು. ದಿಲೀಪನಿಗೆ ಚಿಕ್ಕಸ್ವಾಮಿಯ ಮುಖ ಕಣ್ಣ ಮುಂದೆ ಬಂದು ನಿಂತಿತು. ಆವತ್ತು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಊರವರೆಗೂ ನಿಂತೇ ಬಂದ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ವಾರ ಪ್ರಮೀಳಾಳಿಗೆ ಎಲ್ಲವನ್ನೂ ಹೇಳಿದ. ತನಗೆ ದೀಕ್ಷಾಸ್ನಾನ ಬೇಕು, ಪಾಪ ತೊಳೆದುಹೋಗಲಿ ಎಂದ.

"ದೇವರು ಕ್ಷಮಿಸ್ತಾನೆ ತಮ್ಮ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಆ ನೀರುಗಂಟಿ ಕೆಲ್ಸ ಕಿತ್ಕೊಂಡಿದ್ದು ದೇವರಲ್ಲ, ನೀನು. ಮೊದ್ಲು ಅಲ್ಲಿಗೋಗು."

ದಿಲೀಪ ಚಿಕ್ಕಸ್ವಾಮಿಯ ಮನೆಗೆ ಹೋದ. ಅವನು ಜಗುಲಿಯಲ್ಲಿ ಕೂತು ಅಂಗೈಯ ಬೊಬ್ಬೆಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಅಣ್ಣ, ನರಸಯ್ಯನ ಕೇಬ್ಲು ಕದ್ದೋನು ನಾನು."

ಚಿಕ್ಕಸ್ವಾಮಿ ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನನ್ಗ್ಯಾಕ್ಲಾ ಏಳೀಯೆ? ನಾನ್ ಕದ್ದಿಲ್ಲ ಅಂತ ನನ್ಗೆ ಗೊತ್ತು. ಗೊತ್ತಿಲ್ದೋರ್ಗೆ ಏಳೋಗು."

ಹಾಗಾಗಿ ಊರು ಅರಳಿಕಟ್ಟೆಯಲ್ಲಿ ಸೇರಿತು. ದಿಲೀಪ ನಿಂತುಕೊಂಡು ಇದ್ದದ್ದು ಇದ್ದಂತೆ ಹೇಳಿದ. ಯಾರೂ ನಂಬಲಿಲ್ಲ.

"ಕೆ.ಆರ್. ಪೇಟೆಗೋಗಿ ತಲೆ ಕೆಡಿಸ್ಕೊಂಡವ್ನೆ. ಬೇರೆಯೋರ್ ತಪ್ಪು ಹೊತ್ಕೊಂಡ್ರೆ ಸ್ವರ್ಗ ಸಿಗ್ತದೆ ಅಂದಿರ್ತಾರೆ" ಎಂದರು ಒಬ್ಬರು.

ನರಸಯ್ಯ ಗುಡಿಯಿಂದ ಕರ್ಪೂರ ತರಿಸಿ ಹಚ್ಚಿದ. "ಆರ್ಸಿ ಏಳ್ಲಾ, ನಾನೇ ಕದ್ದೆ ಅಂತ. ಈಗಿಂದೀಗ್ಲೇ ಚಿಕ್ಕಸ್ವಾಮಿಗೆ ಕೆಲ್ಸ ವಾಪಸ್ ಕೊಡ್ತೀವಿ."

"ಆರ್ಸಕಿಲ್ಲ ಮಾವ. ಆಣೆ ಇಡ್ಬ್ಯಾಡಿ ಅಂತ ಏಸು ಏಳವ್ರೆ."

"ಎಲಾ ಇವ್ನಾ! ಸುಳ್ಳೇಳೋವಾಗ ಆರ್ಸ್ದೆ, ನಿಜ ಏಳೋವಾಗ ಆರ್ಸಕಿಲ್ವಾ?"

ಜನ ನಕ್ಕರು. ದಿಲೀಪನಿಗೆ ನಗು ಬರಲಿಲ್ಲ. ಕೈ ಒಂದು ಸಲ ಉರಿಯ ಮೇಲೆ ಆಡಿಸಿದರೆ ಚಿಕ್ಕಸ್ವಾಮಿಗೆ ಅವನ ಕೆಲಸ ವಾಪಸು ಸಿಗುತ್ತಿತ್ತು. ಆಡಿಸದಿದ್ದರೆ ಚಿಕ್ಕಸ್ವಾಮಿ ಸಾಯುವವರೆಗೂ ಕಳ್ಳನೇ. ಅವನು ಚಿಕ್ಕಸ್ವಾಮಿಯ ಕಡೆ ನೋಡಿದ. ಚಿಕ್ಕಸ್ವಾಮಿ ಅವನನ್ನಲ್ಲ, ಅವನ ಕೈಯನ್ನು ನೋಡುತ್ತಿದ್ದ. ದಿಲೀಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಏನ್ ಬೇಕಾದ್ರೂ ಕೇಳಿ ಮಾವ. ಬಾಯಲ್ಲಿ ಏಳ್ತೀನಿ."

ನರಸಯ್ಯ ಅವನ ಹತ್ತಿರ ಬಂದ. "ಅಂಗಾರೆ ಆ ಕೇಬ್ಲಲ್ಲಿ ಎಷ್ಟು ಜಾಯಿಂಟ್ ಇದ್ವು?"

"ಎರಡು. ಒಂದ್ಕೆ ಕರೀ ಟೇಪು ಸುತ್ತಿದ್ರಿ. ಇನ್ನೊಂದ್ಕೆ ಬಟ್ಟೆ."

"ಯಾವ್ ಬಟ್ಟೆ?"

"ರೇಷ್ಮೆ ರವ್ಕೆ ಬಟ್ಟೆ. ಹಸ್ರು, ಕೆಂಪಂಚು. ಸುಡೋವಾಗ ಮೊದ್ಲು ಅದೇ ಹತ್ಕೊಂಡಿದ್ದು."

ಅಷ್ಟರಲ್ಲಿ ಹೆಂಗಸರ ಕಡೆಯಿಂದ ನರಸಯ್ಯನ ಹೆಂಡತಿ ಎದ್ದು ನಿಂತಳು.

"ಅದು ನನ್ ಧಾರೆ ರವ್ಕೆ! ಇಲಿ ಎಳ್ಕೊಂಡೋಯ್ತು ಅಂದ್ಯಲ್ಲ? ಆ ಇಲಿ ಹಿಡಿಯಕೆ ಎರಡು ಬೋನು ತಂದು ಮಡಗಿದ್ನಲ್ಲಪ್ಪಾ!"

"ಟೇಪು ಮುಗ್ದೋಗಿತ್ತು ಕಣೆ" ಎಂದ ನರಸಯ್ಯ.

"ಈಗ ನೀನೂ ಆರ್ಸು ಕರ್ಪೂರ!"

ಕರ್ಪೂರವನ್ನು ಯಾರೂ ಆರಿಸಲಿಲ್ಲ. ತನ್ನಷ್ಟಕ್ಕೆ ಉರಿದು ಮುಗಿಯಿತು. ಚಿಕ್ಕಸ್ವಾಮಿಗೆ ನೀರುಗಂಟಿ ಕೆಲಸ ವಾಪಸು ಕೊಡುವುದೆಂದು ತೀರ್ಮಾನವಾಯಿತು. ಅದನ್ನು ಹೇಳಲು ಊರ ಹಿರಿಯರು ಅವನ ಮನೆಗೆ ಹೋಗಬೇಕು, ಬಾಗಿಲಲ್ಲಿ ನಿಂತು ಹೇಳಬಾರದು ಎಂದೂ ಆಯಿತು. ದಿಲೀಪ ಹೊಸ ಕೇಬಲ್ಲು ಹಾಕಿಸಿಕೊಡಬೇಕು ಎಂದರು. ಅವನು ಬೈಕು ಮಾರಿ ಹಾಕಿಸಿದ. ಹಸುಗಳಿಗೂ ಒಳ್ಳೆಯದಾಯಿತು.

ಹೇಮಾವತಿ ಹೊಳೆಯಲ್ಲಿ ಅವನ ದೀಕ್ಷಾಸ್ನಾನವಾದಾಗ ದ್ಯಾವಮ್ಮ ದಡದಲ್ಲಿ ನಿಂತು ನೋಡಿದಳು. "ಒಂದ್ಸಲ ಮುಳುಗ್ಸಿ ಎತ್ತೋದೇಯಾ? ಇಷ್ಟಕ್ಕೆ ಎರಡು ಬಸ್ಸು ಅತ್ತಿಸ್ದಾ ನನ್ನ?" ಎಂದಳು. ಆದರೆ ಟವಲ್ಲು ತಂದಿದ್ದಳು. ಮಗನ ತಲೆಯನ್ನು ಅವಳೇ ಒರೆಸಿದಳು.

ನಾಲೆಗೆ ನೀರು ಬಿಟ್ಟ ದಿನ ದಿಲೀಪ ಬೆಳಿಗ್ಗೆಯೇ ತೂಬಿನ ಹತ್ತಿರ ಹೋಗಿ ನಿಂತ. ಚಿಕ್ಕಸ್ವಾಮಿ ಪಂಚೆ ಎತ್ತಿ ಕಟ್ಟಿ ಕಾಲುವೆಯ ಕಸ ಎಳೆದು ಹಾಕುತ್ತಿದ್ದ.

"ಅಣ್ಣ, ನನ್ನ ಕ್ಷಮಿಸ್ದಾ?"

"ಇನ್ನೂ ಇಲ್ಲ ಕಣ್ಲಾ. ಆದಾಗ ಏಳ್ತೀನಿ. ಅಲ್ಲಿ ಗುದ್ಲಿ ಅದೆ, ತಕಂಬಾ."

ಆದಾಗ ಹೇಳುತ್ತಾನೆ ಎನ್ನುವುದರಲ್ಲಿ ದಿಲೀಪನಿಗೆ ಅನುಮಾನವಿರಲಿಲ್ಲ. ಗುದ್ದಲಿ ತೆಗೆದುಕೊಂಡು ಕಾಲುವೆಗೆ ಇಳಿದ.